ಚೀಟಿ ಮೆಡಿಕಲ್ ಶಾಪ್‌ಗೆ, ರೋಗಿಯ ಕೈಗೆ ಏನು?

2024ರ ಸೆಪ್ಟೆಂಬರ್‌ನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರಿಗೆ ಪತ್ರ ಬರೆದು, ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕು ಅಂತ ಕೇಳಿದರು. ಪರ, ವಿರೋಧ ಎರಡೂ ಕಡೆ ಮಾತು ಜೋರಾಯಿತು. ಆ ಗದ್ದಲದಲ್ಲಿ ಮೂಲ ಪ್ರಶ್ನೆಯೇ ಕಳೆದುಹೋಯಿತು ಅನ್ನೋದು ನನ್ನ ಅನಿಸಿಕೆ. ಅಷ್ಟಕ್ಕೂ ಆ ಚೀಟಿ ಯಾರು ಓದಲಿ ಅಂತ ಬರೆಯೋದು?

ಮೆಡಿಕಲ್ ಶಾಪ್‌ನವರು ಓದಲಿ ಅಂತ. 2016ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ತನ್ನ ನಿಯಮಕ್ಕೆ ತಿದ್ದುಪಡಿ ತಂದು, ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಿರಿ ಎಂದಿತು. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, ಓದಲು ಬರುವಂಥ ಚೀಟಿ ಸಂವಿಧಾನದ 21ನೇ ವಿಧಿಯಡಿ ಬರುವ ಆರೋಗ್ಯದ ಹಕ್ಕಿನ ಭಾಗ ಎಂದು ಹೇಳಿತು. ಒಳ್ಳೆಯದೇ. ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ ದುಂಡಗೆ ಇರಲಿ, ನನ್ನ ತಕರಾರಿಲ್ಲ. ಆದರೆ ಮನೆಗೆ ಹೋಗಿ ಆ ಮಾತ್ರೆ ನುಂಗುವವರಿಗೆ ಏನು ಸಿಕ್ಕಿತು?

ಸಿಗೋದು 'ಬಿಡಿ', 'ಟಿಡಿಎಸ್', 'ಎಸ್ಒಎಸ್'. ಇವು ಇಂಗ್ಲಿಷ್ ಕೂಡ ಅಲ್ಲ, ಲ್ಯಾಟಿನ್ ಪದಗಳ ಚುಟುಕು ರೂಪ. ಕಳೆದ ವರ್ಷ ನಮ್ಮಪ್ಪನಿಗೆ ಸ್ಟೆಂಟ್ ಹಾಕಿಸಿದಾಗ ಕೈಗೆ ಬಂದ ಡಿಸ್ಚಾರ್ಜ್ ಸಮ್ಮರಿ ನಾಲ್ಕು ಪುಟ ಇತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಿ ಜೀವಕ್ಕೆ ಕುತ್ತು ಬರಬಹುದು. ಅಪ್ಪನಿಗೆ ಬೇಕಿದ್ದ ಆ ಒಂದು ಎಚ್ಚರಿಕೆ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಇನ್ನೊಂದು ಉದಾಹರಣೆ. ವಾರಕ್ಕೊಮ್ಮೆ ತಗೋಬೇಕಾದ ಈ ಔಷಧವನ್ನು ದಿನಾ ತಗೊಂಡು ಸತ್ತವರ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಡಾಕ್ಟರ್ ಬಾಯಲ್ಲಿ ಹೇಳಿರ್ತಾರಲ್ಲ ಅನ್ನಬಹುದು. ವೈದ್ಯರು ಹೇಳಿದ ಮಾಹಿತಿಯಲ್ಲಿ 40ರಿಂದ 80 ಶೇಕಡದಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ ಅಂತ 2003ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವಿಮರ್ಶಾ ಲೇಖನ ಹೇಳುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ ಕ್ಯೂ ನಿಂತವರಿಗೆ ಗೊತ್ತು, ಅಲ್ಲಿ ಮಾತು ಮುಗಿಯೋದೇ ಎರಡು ನಿಮಿಷದಲ್ಲಿ. ಇದು ವೈದ್ಯರ ದುರಹಂಕಾರದ ಕತೆಯಲ್ಲ. ಹಿಂದೆ ಅಷ್ಟು ಜನ ಕಾಯುತ್ತಿರುವಾಗ ಅವರು ತಾನೇ ಎಷ್ಟು ಬಿಡಿಸಿ ಹೇಳಿಯಾರು?

ಹಾಗಾಗಿ ಬೇಕಿರೋದು ಚೀಟಿಯ ಅನುವಾದ ಅಲ್ಲ, ಚೀಟಿಯ ಜೊತೆಗೆ ರೋಗಿಗೆಂದೇ ಇನ್ನೊಂದು ಹಾಳೆ. ನಿಮಗೆ ಏನಾಗಿದೆ, ಯಾವ ಮಾತ್ರೆ ಯಾವಾಗ, ಎಷ್ಟು ದಿನ, ಯಾವ ಲಕ್ಷಣ ಕಂಡರೆ ತಕ್ಷಣ ಓಡಿ ಬರಬೇಕು, ಮತ್ತೆ ಯಾವತ್ತು ಬರಬೇಕು. ಇಷ್ಟೇ.

ಆಗೋದಿಲ್ಲ ಅನ್ನಬೇಡಿ. ಗರ್ಭಿಣಿಯರ ಕೈಯಲ್ಲಿರುವ ತಾಯಿ ಕಾರ್ಡ್ ನೋಡಿ. ಅಪಾಯದ ಲಕ್ಷಣಗಳು ಕನ್ನಡದಲ್ಲಿ, ಚಿತ್ರಗಳ ಜೊತೆ ಅದರಲ್ಲಿವೆ. ಇದೇ ಸರ್ಕಾರ 'ಭೂಮಿ' ಯೋಜನೆಯಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆಯೇ ರೈತರ ಪಹಣಿಯನ್ನು ಕಂಪ್ಯೂಟರಿನಿಂದ ಕನ್ನಡದಲ್ಲಿ ಮುದ್ರಿಸಿ ಕೊಟ್ಟಿತು. ಇಂಜಿನಿಯರಿಂಗ್ ಓದಿದವನ ಕಣ್ಣಿಗೆ ಇದು ತೀರಾ ಸಣ್ಣ ಕೆಲಸ. ಆಸ್ಪತ್ರೆಯ ತಂತ್ರಾಂಶಕ್ಕೆ 1-0-1 ಅಂತ ತುಂಬಿದ ಮೇಲೆ 'ಬೆಳಿಗ್ಗೆ ಒಂದು, ರಾತ್ರಿ ಒಂದು' ಅಂತ ಮುದ್ರಿಸೋಕೆ ಎಐ ಬೇಕಾಗಿಲ್ಲ. ಎಚ್ಚರಿಕೆಯ ಸಾಲುಗಳನ್ನು ಮಾತ್ರ ಯಂತ್ರದ ಅನುವಾದಕ್ಕೆ ಬಿಡಬಾರದು. ಒಂದೊಂದು ಕಾಯಿಲೆಗೂ ವೈದ್ಯರೇ ಕೂತು ಒಮ್ಮೆ ಬರೆದು ಒಪ್ಪಿದ ಸಾಲುಗಳಿರಬೇಕು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಬಿಹಾರದವನಿಗೆ ಅದೇ ಹಾಳೆ ಹಿಂದಿಯಲ್ಲಿ ಸಿಗಬೇಕು, ಓದು ಬಾರದವರಿಗೆ ಸೂರ್ಯ, ಚಂದ್ರರ ಚಿತ್ರದಲ್ಲಿ.

ಇನ್ನು ಹಾಳೆ ಕೊಟ್ಟರಷ್ಟೇ ಸಾಲದು. 'ಮನೆಗೆ ಹೋಗಿ ಹೇಗೆ ತಗೋತೀರಮ್ಮ, ನೀವೇ ಒಮ್ಮೆ ಹೇಳಿ' ಅಂತ ನರ್ಸ್ ಅಥವಾ ಫಾರ್ಮಸಿಸ್ಟ್ ಕೇಳಬೇಕು. ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟರ ಕೆಲಸವೇ ಅಂತ 2015ರ ಫಾರ್ಮಸಿ ವೃತ್ತಿ ನಿಯಮಗಳಲ್ಲಿದೆ. ಆದರೆ ಖಾಲಿ ಹುದ್ದೆ ತುಂಬದೆ, ಇರುವ ಒಬ್ಬರ ಮೇಲೆ ಇದನ್ನೂ ಹೇರಿದರೆ ಅದು ಕಾಗದದಲ್ಲೇ ಉಳಿಯುತ್ತೆ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕು ಎನ್ನುತ್ತದೆ. ಖಾಸಗಿ ಆಸ್ಪತ್ರೆಗಳ ಮೇಲಿನ ನಮ್ಮ ಕೆಪಿಎಂಇ ಕಾಯ್ದೆಗೂ 2017ರ ತಿದ್ದುಪಡಿಯಲ್ಲಿ ರೋಗಿಗಳ ಸನ್ನದು ಸೇರಿತು. ಅದನ್ನು ವಿರೋಧಿಸಿ ಖಾಸಗಿ ವೈದ್ಯರು ಮುಷ್ಕರ ಮಾಡಿದ್ದು ನೆನಪಿರಬಹುದು. ಸನ್ನದುಗಳು ಗೋಡೆಗೆ ಅಂಟಿಕೊಂಡರೆ ಪ್ರಯೋಜನವಿಲ್ಲ. ರೋಗಿಯ ಹಾಳೆ ಇಲ್ಲದೆ ಡಿಸ್ಚಾರ್ಜ್ ಇಲ್ಲ ಅಂತ ಆರೋಗ್ಯ ಇಲಾಖೆ ತನ್ನ ಜಿಲ್ಲಾಸ್ಪತ್ರೆಗಳಿಗೆ ಮೊದಲು ಆದೇಶ ಹೊರಡಿಸಲಿ, ಖಾಸಗಿಯವರನ್ನು ಆಮೇಲೆ ಕೇಳೋಣ. ಅಲ್ಲಿಯವರೆಗೆ ನಿಮ್ಮ ಮನೆಯವರು ಆಸ್ಪತ್ರೆಯಿಂದ ಹೊರಡುವಾಗ ಕೌಂಟರ್ ಬಿಟ್ಟು ಕದಲಬೇಡಿ. ಯಾವ ಮಾತ್ರೆ ನಿಲ್ಲಿಸಬಾರದು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಅಂತ ಕೇಳಿ ಬರೆಸಿಕೊಳ್ಳಿ.