ಗುಂಪಿನ ನಡುವೆ ಒಂದು ಒಂಟಿ ದನಿ

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಗುಂಪಿನ ಹಲ್ಲೆಗೆ ಬಲಿಯಾದರು. ಸುತ್ತಾಟಕ್ಕೆಂದು ಬಂದಿದ್ದ ಅವರ ತಂಡ ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಅಪರಾಧವಾಯಿತು. ‘ಮಕ್ಕಳ ಕಳ್ಳರು’ ಎಂಬ ಸುದ್ದಿ ಅವರ ಕಾರಿಗಿಂತ ಮೊದಲೇ ಮೊಬೈಲ್‌ಗಳ ಮೂಲಕ ಮುಂದಿನ ಊರನ್ನು ತಲುಪಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಯುವಕನೊಬ್ಬ ಇದೇ ಶಂಕೆಗೆ ಪ್ರಾಣ ತೆತ್ತಿದ್ದ. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಐವರು ಹತರಾಗಿದ್ದರು.

ಇಂತಹ ಘಟನೆಗಳಿಗೆ ಅನಕ್ಷರತೆಯೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಚಾಮರಾಜಪೇಟೆ ಯಾವುದೋ ಕುಗ್ರಾಮವಲ್ಲ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಬೆದರಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿಯಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದರು. ಅವರಾರೂ ಮೂಢರಲ್ಲ. ಪಕ್ಕದ ಕೋಣೆಯವರು ಗಂಟುಮೂಟೆ ಕಟ್ಟುವುದನ್ನು ಕಂಡಾಗ, ಆ ದೃಶ್ಯವೇ ಅವರಿಗೆ ಅಪಾಯದ ಸಾಕ್ಷ್ಯವಾಯಿತು. ಒಬ್ಬೊಬ್ಬರ ನಿರ್ಗಮನವೂ ಮತ್ತೊಬ್ಬರ ಭಯಕ್ಕೆ ಪುಷ್ಟಿ ನೀಡಿತು.

ಪರರ ಪ್ರಭಾವ ನಮ್ಮ ಮೇಲೆ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ‘ಇಷ್ಟು ಜನ ನಂಬಿರುವಾಗ ಏನಾದರೂ ಇರಲೇಬೇಕು’ ಎಂಬುದು ಒಂದು. ‘ನಾನೊಬ್ಬನೇ ಏಕೆ ಅಡ್ಡಮಾತು ಆಡಲಿ’ ಎಂಬುದು ಇನ್ನೊಂದು. ಅಮೆರಿಕದ ಮನೋವಿಜ್ಞಾನಿ ಸಾಲಮನ್ ಆಶ್ 1950ರ ದಶಕದ ಆರಂಭದಲ್ಲಿ ನಡೆಸಿದ ಪ್ರಯೋಗ ಇಲ್ಲಿ ಸ್ಮರಣಾರ್ಹ. ಗೆರೆಗಳ ಉದ್ದವನ್ನು ಹೋಲಿಸುವ ಅತಿ ಸರಳ ಪರೀಕ್ಷೆ ಅದು. ಜೊತೆಗಿದ್ದವರೆಲ್ಲರೂ ಮೊದಲೇ ಹೇಳಿಕೊಟ್ಟಂತೆ ಒಕ್ಕೊರಲಿನಿಂದ ತಪ್ಪು ಉತ್ತರ ನೀಡಿದಾಗ, ಇದನ್ನರಿಯದ ವ್ಯಕ್ತಿಯೂ ಸರಿಸುಮಾರು ಮೂರರಲ್ಲಿ ಒಂದು ಬಾರಿ ಆ ತಪ್ಪಿಗೇ ದನಿಗೂಡಿಸಿದ. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಸಾಕು, ಆ ಒತ್ತಡ ಬಹುಪಾಲು ಕರಗಿಹೋಗುತ್ತಿತ್ತು. ಗುಂಪಿನ ಬಲ ಅದರ ಸಂಖ್ಯೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ಒಮ್ಮತದ ತೋರಿಕೆಯಲ್ಲಿದೆ ಎಂಬುದೇ ಇದರ ಪಾಠ.

ನಮ್ಮ ಪರಿಹಾರೋಪಾಯಗಳು ಮಾತ್ರ ಬಹುತೇಕ ಸಂದೇಶದ ವೇಗಕ್ಕೆ ಸೀಮಿತವಾಗಿವೆ. 2012ರಲ್ಲಿ ಕೇಂದ್ರ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳಿಗೆ ತಾತ್ಕಾಲಿಕ ಮಿತಿ ಹೇರಿತು. 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸಬಹುದೆಂದು ನಿರ್ಬಂಧಿಸಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್, ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಗೂ ನೋಡಲ್ ಅಧಿಕಾರಿಯನ್ನು ನೇಮಿಸುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಿತು. ಇವೆಲ್ಲವೂ ಅಗತ್ಯವೇ. ಆದರೆ ವೇಗ ತಗ್ಗಿದ ಮಾತ್ರಕ್ಕೆ ಸುಳ್ಳು ಸುಳ್ಳೆಂದು ಗೋಚರಿಸುವುದಿಲ್ಲ.

ನಮ್ಮ ರಾಯಚೂರಿಗೆ ಹೊಂದಿಕೊಂಡಿರುವ ತೆಲಂಗಾಣದ ಗದ್ವಾಲ ಜಿಲ್ಲೆಯ ಪೊಲೀಸರು ಅದೇ ವರ್ಷ ಬೇರೊಂದು ದಾರಿ ಹಿಡಿದರು. ಹಳ್ಳಿಗಳೊಂದಿಗೆ ನೇರ ಸಂಪರ್ಕವಿಟ್ಟುಕೊಂಡು, ಡಂಗುರ ಸಾರಿಸಿ, ಜಾನಪದ ಹಾಡುಗಳ ಮೂಲಕ ವದಂತಿಗಳ ಹುಸಿತನವನ್ನು ತಿಳಿಸಿದರು. ವದಂತಿ ಊರಿಗೆ ಬರುವಷ್ಟರಲ್ಲಿ, ಅದನ್ನು ಅನುಮಾನಿಸಬಲ್ಲ ಪರಿಚಿತ ದನಿಯೊಂದು ಅಲ್ಲಿ ಆಗಲೇ ಇರುವಂತೆ ನೋಡಿಕೊಂಡದ್ದೇ ಈ ಕ್ರಮದ ಹಿರಿಮೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದ ನಾಡು ನಮ್ಮದು. ಆದರೆ ಇಂದು ಕುಟುಂಬದ, ಬಡಾವಣೆಯ, ಸಹೋದ್ಯೋಗಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಯಾವುದೋ ಸಮುದಾಯದ ವಿರುದ್ಧ ವಿಷ ಹರಿದಾಗ, ಅದನ್ನು ನಂಬದ ವಿದ್ಯಾವಂತರೂ ಹಿರಿಯರ ಮುಲಾಜಿಗೆ ಬಿದ್ದು ಸುಮ್ಮನಾಗುತ್ತಾರೆ. ನಂಬದವರ ಈ ಮೌನವನ್ನು ಗುಂಪು ಸಮ್ಮತಿಯೆಂದೇ ಎಣಿಸುತ್ತದೆ. ಇಲ್ಲದ ಒಮ್ಮತ ಹುಟ್ಟಿಕೊಳ್ಳುವುದೇ ಹೀಗೆ. ಆದ್ದರಿಂದ ಇಂಥ ಹಿಂಸೆಯ ಹೊಣೆಯ ಒಂದು ಪಾಲು, ಕಲ್ಲೆತ್ತದೆಯೂ ಸುಮ್ಮನಿದ್ದವರಿಗೆ ಸಲ್ಲಬೇಕೆಂಬುದು ನನ್ನ ನಿಲುವು. ‘ಇದು ನಿಜವೇ? ನಿಮಗೆ ಹೇಗೆ ತಿಳಿಯಿತು?’ ಎಂದು ವಿನಯದಿಂದಲೇ ಕೇಳಬಹುದು. ಅದರಿಂದ ಸಂಬಂಧದಲ್ಲಿ ಕೊಂಚ ಮುನಿಸು ಮೂಡೀತು. ಕೇಳದಿದ್ದಾಗ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಮುರ್ಕಿ ತೋರಿಸಿಕೊಟ್ಟಿದೆ.