‘ಊರ ಹೊರಗೆ’ ಅಂದರೆ ಯಾರ ಮನೆ ಮುಂದೆ?



ಹೋದ ತಿಂಗಳು ನಾವು ನಾಲ್ಕೈದು ಜನ ನಮ್ಮೂರ ಪುರಸಭೆಯ ಸಾಮಾನ್ಯ ಸಭೆ ನೋಡಲು ಹೋಗಿದ್ದೆವು. ಹಾಸ್ಟೆಲಿನಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. ‘ಅಲ್ಲೇನೈತ್ರೋ, ಚರಂಡಿ, ಬಲ್ಬು, ಬಿಲ್ಲು’ ಅಂದರು. ನಿಜ, ಇದ್ದದ್ದು ಅವೇ. ಮಳಿಗೆ ಹರಾಜು, ಪೈಪು ರಿಪೇರಿ, ಗುತ್ತಿಗೆದಾರನ ಬಾಕಿ. ಗುಮಾಸ್ತರು ಓದುತ್ತಿದ್ದರು, ಸದಸ್ಯರು ಹೂಂ ಅನ್ನುತ್ತಿದ್ದರು. ಆ ಸಾಲಿನ ನಡುವೆ ಒಂದು ಪತ್ರ ಬಂತು. ಸ್ಟೇಷನ್ ಪಕ್ಕದ ಗೂಡ್ಸ್ ಶೆಡ್ಡಿನಿಂದ ಪೇಟೆಗೆ ಲಾರಿ ಕಾಟ, ಸಿಮೆಂಟಿನ ಧೂಳು. ಆದ್ದರಿಂದ ಅದನ್ನು ‘ಊರ ಹೊರಗಿನ ಖಾಲಿ ಜಾಗಕ್ಕೆ’ ಸಾಗಿಸಲು ಪುರಸಭೆಯ ತಕರಾರಿಲ್ಲ. ಟೀ ಬರುವಷ್ಟರಲ್ಲಿ ಪಾಸಾಯಿತು.

ಆ ಖಾಲಿ ಜಾಗದ ಅಂಚಿಗೇ ನಮ್ಮ ಕೇರಿ ಇದೆ ಸ್ವಾಮಿ. ನಿಮ್ಮ ನಕ್ಷೆಯಲ್ಲಿ ಇಲ್ಲದಿರಬಹುದು. ನಮ್ಮನ್ನು ಊರ ಹೊರಗೆ ಇಟ್ಟವರು ಯಾರು? ನಾವೇನು ಗಾಳಿ ಚೆನ್ನಾಗಿದೆ ಅಂತ ಅಲ್ಲಿ ಹೋಗಿ ಕೂತೆವಾ? ನಾವಿದ್ದೇವೆ ಅಂತಲೇ ಯಾರೂ ಸೈಟು ಕೊಳ್ಳದೆ ಉಳಿದ ಜಾಗ ಅದು. ಮೊದಲು ಸತ್ತ ದನ ಅಲ್ಲಿಗೆ ಬಂತು, ಆಮೇಲೆ ಊರ ಕಸ ಬಂತು, ಈಗ ಗೂಡ್ಸ್ ಶೆಡ್ಡು ಬರುತ್ತಿದೆ. ಪೇಟೆಯವರ ಮೂಗಿಗೆ ಆಗದ ಧೂಳು ನಮ್ಮ ಮಕ್ಕಳ ಎದೆಗೆ ಆಗುತ್ತದೋ?

ಇದು ನಮ್ಮೂರೊಂದರ ಕಥೆ ಅಂದುಕೊಳ್ಳಬೇಡಿ. ರೈಲಿನಲ್ಲಿ ಸರಕು ಹೆಚ್ಚಿಸುವ ದೊಡ್ಡ ಯೋಜನೆ ದೇಶದಲ್ಲಿ ನಡೆದಿದೆ. 2020ರ ರಾಷ್ಟ್ರೀಯ ರೈಲು ಯೋಜನೆಯ ಕರಡು, 2030ರ ಹೊತ್ತಿಗೆ ಒಟ್ಟು ಸರಕು ಸಾಗಾಟದಲ್ಲಿ ಶೇ. 45 ಪಾಲು ರೈಲಿನದಾಗಬೇಕು ಎಂದು ಗುರಿ ಇಟ್ಟಿತು. 2021ರಲ್ಲಿ ಗತಿಶಕ್ತಿ ಬಂತು, ಅದರ ಹಿಂದೆಯೇ ಖಾಸಗಿಯವರೂ ಕಟ್ಟಬಹುದಾದ ಕಾರ್ಗೋ ಟರ್ಮಿನಲ್‌ಗಳ ನೀತಿ ಬಂತು. ನಾವು ರೈಲಿನ ವೈರಿಗಳಲ್ಲ. ಲಾರಿಗಿಂತ ರೈಲು ಒಳ್ಳೆಯದು, ಎಣ್ಣೆ ಉಳಿಯುತ್ತದೆ. ಆದರೆ ಗಾಡಿ ಹೋಗುವ ದಾರಿ ಬಗ್ಗೆ ಪುಟಗಟ್ಟಲೆ ಬರೆಯುವವರು ಗಾಡಿ ಖಾಲಿಯಾಗುವ ಜಾಗದ ಬಗ್ಗೆ ಒಂದು ಸಾಲನ್ನಾದರೂ ಕೇರಿಯವರನ್ನು ಕೇಳಿ ಬರೆದಿದ್ದಾರಾ?

ಗಾಡಿ ಖಾಲಿಯಾಗುವುದು ಹೇಗೆ, ನಮ್ಮಪ್ಪಂದಿರನ್ನು ಕೇಳಿ. ಒಂದು ರೇಕಿನಲ್ಲಿ ಸಿಮೆಂಟು ಬಂದರೆ ಸುಮಾರು ಎರಡೂವರೆ ಸಾವಿರ ಟನ್ನು. ಐವತ್ತು ಕೆ.ಜಿ. ಚೀಲದ ಲೆಕ್ಕದಲ್ಲಿ 50,000 ಚೀಲ. ಅಷ್ಟನ್ನೂ ಕೆಲವೇ ಗಂಟೆಗಳಲ್ಲಿ ಇಳಿಸಬೇಕು, ತಡವಾದರೆ ವ್ಯಾಪಾರಿಗೆ ಡೆಮರೇಜು ಬೀಳುತ್ತದೆ. ಹಾಗಾಗಿ ರೇಕು ನಡುರಾತ್ರಿ ಬಂದರೆ ಹಮಾಲಿ ನಡುರಾತ್ರಿ ಏಳಬೇಕು. ವ್ಯಾಗನ್ ನಿಂತರೆ ಗಂಟೆಗಿಷ್ಟು ದಂಡ ಅಂತ ಲೆಕ್ಕ ಇದೆ. ಹಮಾಲಿಯ ಬೆನ್ನು ನಿಂತರೆ? ಅದಕ್ಕೆ ರಿಜಿಸ್ಟರೇ ಇಲ್ಲ.

ಕೇರಿಯಲ್ಲಿ ಇನ್ನೊಂದು ಮಾತೂ ಇದೆ, ಮುಚ್ಚಿಡುವುದಿಲ್ಲ. ‘ಶೆಡ್ಡು ಹತ್ತಿರ ಬಂದ್ರೆ ನಡೆಯೋದು ತಪ್ತದೆ, ಕೂಲಿ ಸಿಗ್ತದೆ, ಬೇಡ ಅನ್ಬೇಡ್ರಪ್ಪಾ’ ಅಂತ ನಮ್ಮ ದೊಡ್ಡಪ್ಪ ಒಬ್ಬರು ಬೈದರು. ಅವರ ಮಾತು ಸುಳ್ಳಲ್ಲ. ಆದರೆ ಹೊಸ ಟರ್ಮಿನಲ್‌ಗಳು ಹಮಾಲಿಗಾಗಿ ಕಟ್ಟುವಂಥವಲ್ಲ, ಮೆಷಿನ್ನಿಗಾಗಿ ಕಟ್ಟುವಂಥವು. ಚೀಲ ಮೆಷಿನ್ನು ಹೊರುತ್ತದೆ, ಧೂಳು ಮಾತ್ರ ನಾವೇ ಕುಡಿಯಬೇಕು.

ಯಾರನ್ನು ಕೇಳೋಣ? ಪುರಸಭೆಗೆ ಹೋದರೆ ‘ಅದು ರೈಲ್ವೆಯದು, ಕೇಂದ್ರದ್ದು’ ಅಂತಾರೆ. ರೈಲ್ವೆಗೆ ಹೋದರೆ ‘ರಸ್ತೆ, ಚರಂಡಿ, ನೀರು ಪುರಸಭೆಯದು’ ಅಂತಾರೆ. ಬಂದರು, ವಿಮಾನ ನಿಲ್ದಾಣ, ಹೆದ್ದಾರಿ ಇವೆಲ್ಲ 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿವೆ. ರೈಲು ಮಾರ್ಗ ಆ ಪಟ್ಟಿಯಲ್ಲೇ ಇಲ್ಲ. ಅಂದರೆ ಆ ಕಾನೂನಿನ ಪ್ರಕಾರ ಜನರನ್ನು ಕೂರಿಸಿ ಕೇಳುವ ಹಂಗು ರೈಲಿಗಿಲ್ಲ. ಆದರೆ ಪುರಸಭೆ ಕೈ ತೊಳೆದುಕೊಳ್ಳುವಂತಿಲ್ಲ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿ ಇರಬೇಕು ಅಂತ ಬರೆದಿದೆ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯ್ತಿ, ಪುರಸಭೆ, ನಗರಸಭೆಗಳಿಗೆ ಗೆದ್ದವರೇ ಆಗಿರಬೇಕು. ಯಾವ ಜಾಗದಲ್ಲಿ ಏನು ಬರಬೇಕು, ಪರಿಸರ ಹೇಗೆ ಉಳಿಯಬೇಕು, ಇವೆಲ್ಲ ಅದರ ಕೆಲಸ. ನಮ್ಮ ಸದಸ್ಯರಲ್ಲಿ ಎಷ್ಟು ಜನಕ್ಕೆ ಆ ಸಮಿತಿಯ ಹೆಸರು ಗೊತ್ತೋ!

ಚರಂಡಿ, ಬಲ್ಬು ಅಂತ ನಕ್ಕ ಗೆಳೆಯರಿಗೆ ಒಂದು ಮಾತು. ಮಹಾಡದ ಚವದಾರ್ ಕೆರೆ ಯಾವ ಕಾಗದದಿಂದ ಶುರುವಾಯಿತು? ಪುರಸಭೆಯ ಠರಾವಿನಿಂದ. ಕೆರೆ ಅಸ್ಪೃಶ್ಯರಿಗೂ ತೆರೆದಿದೆ ಅಂತ ಮಹಾಡ ಪುರಸಭೆ 1924ರಲ್ಲಿ ಬರೆದಿಟ್ಟಿತ್ತು. ಮೂರು ವರ್ಷ ಅದು ಪುಸ್ತಕದಲ್ಲೇ ಕೊಳೆಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ನೀರು ಮುಟ್ಟಿದರು. ಅದೇ ಆಗಸ್ಟ್‌ನಲ್ಲಿ ಅದೇ ಪುರಸಭೆ ಠರಾವು ವಾಪಸ್ಸು ತಗೊಂಡಿತು. ಅದೂ ಸಾಮಾನ್ಯ ಕಲಾಪವೇ! ಬೊಂಬಾಯಿ ಹೈಕೋರ್ಟಿನಲ್ಲಿ ನ್ಯಾಯ ಸಿಗಲು 1937 ಬರಬೇಕಾಯಿತು. ರೈಲಿನ ವಿಷಯಕ್ಕೂ ಅವರು ಬಂದಿದ್ದರು. 1938ರ ಫೆಬ್ರವರಿಯಲ್ಲಿ ಮನಮಾಡದಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನ. ನಮ್ಮವರನ್ನು ಹಳಿಯ ಮೇಲೆ ಗ್ಯಾಂಗ್‌ಮನ್ ಮಾಡುತ್ತಾರೆ, ಪೋರ್ಟರ್ ಮಾಡುವುದಿಲ್ಲ ಯಾಕೆ ಅಂತ ಅವರು ಬಿಡಿಸಿ ಹೇಳಿದರು. ಪೋರ್ಟರ್ ಆದವನು ಸ್ಟೇಷನ್ ಮಾಸ್ತರರ ಮನೆಗೆಲಸವನ್ನೂ ಮಾಡಬೇಕಲ್ಲ, ಮನೆ ಮೈಲಿಗೆಯಾಗಬಾರದಲ್ಲ!

ನಾವು ಮೆರವಣಿಗೆಗೆ ಬರುತ್ತೇವೆ, ಕೂಗುತ್ತೇವೆ, ಊಟದ ಹೊತ್ತಿಗೆ ಹಾಸ್ಟೆಲಿಗೆ ವಾಪಸ್ಸು. ನಡಾವಳಿ ಪುಸ್ತಕ ಓದುವವರು ನಮ್ಮಲ್ಲಿ ಯಾರಿದ್ದಾರೆ? ಪುರಸಭೆ ತನ್ನ ನಿಧಿಯಲ್ಲಿ ಶೇ. 24.10 ಹಣ ಪರಿಶಿಷ್ಟ ಜಾತಿ, ಪಂಗಡಗಳಿಗೆ ಎತ್ತಿಡಬೇಕು ಅಂತ ಸರ್ಕಾರದ ಆದೇಶವಿದೆ. ಆ ದುಡ್ಡು ನಮ್ಮ ಕೇರಿಯಲ್ಲಿ ಎಲ್ಲಿ ಬಿತ್ತು ಅಂತ ನಾವು ಒಂದು ಸಲವೂ ಕೇಳಿಲ್ಲ. ತಪ್ಪು ನಮ್ಮದೂ ಇದೆ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಆ ಠರಾವಿನ ಪ್ರತಿ, ರೈಲ್ವೆಯ ಪತ್ರ, ನಕ್ಷೆ ಮೂರನ್ನೂ ಕೇಳಿ ಅರ್ಜಿ ಹಾಕಿದ್ದೇವೆ. ಶೆಡ್ಡು ಬರುವುದೇ ಆದರೆ ಕೇರಿಯಿಂದ ದೂರ ಬರಲಿ, ಮೇಲೆ ಸೂರಿರಲಿ, ಧೂಳಿಗೆ ನೀರು ಹೊಡೆಯಲಿ, ಲಾರಿಗೆ ಬೇರೆ ದಾರಿ ಮಾಡಲಿ, ಹಮಾಲಿಗಳಿಗೆ ಕುಡಿಯುವ ನೀರೂ ಮಲಗುವ ಕೋಣೆಯೂ ಇರಲಿ, ಮೆಷಿನ್ನು ಬಂದರೆ ಅದರ ಮೇಲೆ ಕೂರುವ ಕೆಲಸ ನಮ್ಮ ಹುಡುಗರಿಗೆ ಕಲಿಸಿ ಕೊಡಲಿ. ಮುಂದಿನ ಸಾಮಾನ್ಯ ಸಭೆಗೆ ಇಷ್ಟನ್ನೂ ಬರೆದು ಕೊಡುತ್ತೇವೆ. ಹೋದ ಸಲ ಗೋಡೆ ಪಕ್ಕದ ಬೆಂಚಿನಲ್ಲಿ ನಾವು ನಾಲ್ಕೈದು ಜನ ಮಾತ್ರ ಇದ್ದೆವು, ಬೆಂಚು ಅರ್ಧ ಖಾಲಿ ಇತ್ತು. ನೋಟ್‌ಬುಕ್ಕು ತಗೊಂಡು ಬನ್ನಿ.