ಅದೇ ಕಾರೇ ಇದು?

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬೆಲೆ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಅಂದು ಕಾರ್ಖಾನೆಯಿಂದ ಹೊರಬಿದ್ದ ಕಾರು ಇದೇನಾ? ಐವತ್ತು, ಎಪ್ಪತ್ತು, ತೊಂಬತ್ತು ವರ್ಷ ಬಾಳಿದ ಯಂತ್ರದಲ್ಲಿ ಎಷ್ಟೋ ಭಾಗಗಳು ಸವೆದು, ಮುರಿದು, ತುಕ್ಕು ತಿಂದು ಬದಲಾಗಿರುತ್ತವೆ. ಎಷ್ಟು ಬದಲಾದ ಮೇಲೆ ಅದು ಬೇರೆಯದೇ ಕಾರಾಗುತ್ತದೆ? ಈ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮೆಟ್ಟಿಲೇರಿತು.

ವ್ಯಾಜ್ಯಕ್ಕೆ ಒಳಗಾದದ್ದು ‘ಓಲ್ಡ್ ನಂಬರ್ ಒನ್’ ಎಂದೇ ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್. 1929ರ ಲ ಮಾನ್ 24 ಗಂಟೆಗಳ ಪಂದ್ಯವನ್ನು ವುಲ್ಫ್ ಬರ್ನಾಟೊ ಮತ್ತು ಟಿಮ್ ಬರ್ಕಿನ್ ಗೆದ್ದದ್ದು ಇದರಲ್ಲೇ; ಮರುವರ್ಷ ಬರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ ಮತ್ತೆ ಗೆದ್ದರು. ಆಮೇಲೆ ಅದಕ್ಕೆ 8 ಲೀಟರಿನ ಎಂಜಿನ್ ಬಂತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಕಾರು ಇಳಿಜಾರಿನ ದಂಡೆ ದಾಟಿ ಹಾರಿ, ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತರು. ಉಳಿದುದನ್ನು ಮುಚ್ಚಿದ ಕೂಪೆಯಾಗಿ ಮತ್ತೆ ಕಟ್ಟಲಾಯಿತು. ಸುಮಾರು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಸಂಸ್ಥೆ ಕೊನೆಗೆ, ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲ ಎಂದು ಹಿಂದೆ ಸರಿಯಿತು. ಮಾರಿದವರು ದಾವೆ ಹೂಡಿದರು. 1929ರ ಲೋಹದಲ್ಲಿ ಉಳಿದಿದ್ದದ್ದು ಬಹಳ ಕಡಿಮೆ ಎಂಬುದನ್ನು ನ್ಯಾಯಮೂರ್ತಿ ಆಟನ್ ಅಲ್ಲಗಳೆಯಲಿಲ್ಲ. ಆದರೆ ಈ ಕಾರಿನ ಚರಿತ್ರೆ ಎಲ್ಲಿಯೂ ಕಡಿದುಹೋಗಿಲ್ಲ, ಆ ಹೆಸರಿಗೆ ಹಕ್ಕು ಹೇಳಬಲ್ಲ ಮತ್ತೊಂದು ಕಾರು ಲೋಕದಲ್ಲಿಲ್ಲ, ಹೀಗಾಗಿ ಇದೇ ಅಧಿಕೃತ ಓಲ್ಡ್ ನಂಬರ್ ಒನ್ ಎಂದು ತೀರ್ಪಿತ್ತರು.

ಈ ಜಿಜ್ಞಾಸೆ ಭಾರತಕ್ಕೆ ಹೊಸದಲ್ಲ. ಪಾಲಿ ಭಾಷೆಯ ‘ಮಿಲಿಂದ ಪಞ್ಹ’ದಲ್ಲಿ ಭಿಕ್ಷು ನಾಗಸೇನ ರಥವೇರಿ ಬಂದ ಯವನ ರಾಜನನ್ನು ಕೇಳುವುದೂ ಇದನ್ನೇ: ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ? ಯಾವುದೊಂದೂ ರಥವಲ್ಲ, ಎಲ್ಲವೂ ಕೂಡಿದಾಗ ಬಳಕೆಗೆ ಬಂದ ಹೆಸರು ರಥ. ಕಾರಿನ ವ್ಯಾಪಾರದಲ್ಲಿ ಗೊಂದಲ ಹುಟ್ಟುವುದು, ‘ಒರಿಜಿನಲ್’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಗುಣಗಳನ್ನು ತುರುಕುವುದರಿಂದ. ಕಾರಿನ ಗುರುತು, ಅಂದರೆ ಮಾಲೀಕರಿಂದ ಮಾಲೀಕರಿಗೆ ಕಡಿಯದೆ ಬಂದ ಚರಿತ್ರೆ, ಒಂದು. ಅದರಲ್ಲಿ ಉಳಿದಿರುವ ಅಂದಿನ ಲೋಹ, ಮರ, ಚರ್ಮ ಇನ್ನೊಂದು. ಹೊರಬಿದ್ದಾಗ ಇದ್ದ ಬಣ್ಣ, ಸ್ಟೀರಿಂಗಿನ ಬದಿ, ಬಿಡಿಭಾಗಗಳ ಬಗೆ, ಒಟ್ಟಿನಲ್ಲಿ ರೂಪ, ಮೂರನೆಯದು. ಓಲ್ಡ್ ನಂಬರ್ ಒನ್‌ನಲ್ಲಿ ಮೊದಲನೆಯದು ಪೂರ್ತಿ ಇತ್ತು, ಉಳಿದೆರಡು ಹೆಚ್ಚಾಗಿ ಕಳೆದುಹೋಗಿದ್ದವು. ಹೊಸ ಲೋಹದಲ್ಲಿ ಹಳೆಯ ರೂಪವನ್ನು ತದ್ರೂಪವಾಗಿ ಎರಕ ಹೊಯ್ದ ನಕಲಿನಲ್ಲಿ ಮೂರನೆಯದು ಮಾತ್ರ ಇರುತ್ತದೆ. ಇವನ್ನು ಬಿಡಿಸಿ ನೋಡದೆ ಕಟ್ಟಿದ ಬೆಲೆ ಬರೀ ಅಂದಾಜು.

ಗುರುತಿನ ಪರೀಕ್ಷೆ ಅಂಕಿಗಳಿಂದ ಶುರುವಾಗುತ್ತದೆ. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಬೆಳಕು ಕಂಡು, 1974ರವರೆಗೆ ಸುಮಾರು 72,500ರಷ್ಟು ತಯಾರಾದ ಜಾಗ್ವಾರ್ ಇ-ಟೈಪ್ ಇದಕ್ಕೆ ಒಳ್ಳೆಯ ಉದಾಹರಣೆ. 3.8 ಲೀಟರಿನ ಮೊದಲ ಸರಣಿಯಲ್ಲಿ ಬಲಗೈ ಸ್ಟೀರಿಂಗಿನ ತೆರೆದ ಕಾರುಗಳ ಚಾಸಿ ಸಂಖ್ಯೆ 850001ರಿಂದಲೂ, ಎಡಗೈಯವುಗಳದ್ದು 875001ರಿಂದಲೂ ಶುರು. ಎಂಜಿನ್ ಸಂಖ್ಯೆ ‘ಆರ್’ ಅಕ್ಷರದಿಂದ ಆರಂಭವಾಗಿ, ಗೆರೆಯಾಚೆ 8 ಅಥವಾ 9 ಎಂಬ ಅಂಕಿಯಿಂದ ಮುಗಿಯುತ್ತದೆ. ಆ ಕೊನೆಯ ಅಂಕಿ ಎಂಜಿನ್ನಿನ ಒತ್ತಡದ ಅನುಪಾತ. ಅದೇ ಸಂಖ್ಯೆಯನ್ನು ಕೆಳಗಿನ ಬ್ಲಾಕಿನ ಮೇಲೂ, ಮೇಲಿನ ಸಿಲಿಂಡರ್ ಹೆಡ್ಡಿನ ಮುಂಭಾಗದಲ್ಲೂ ಒತ್ತಿರುತ್ತಾರೆ. ಎಣ್ಣೆ ಜಿಡ್ಡು ಒರೆಸಿ, ಬೆಳಕು ಹಿಡಿದು ಎರಡನ್ನೂ ಓದಿದರೆ ಬ್ಲಾಕಿಗೂ ಹೆಡ್ಡಿಗೂ ಹೊಂದಿಕೆ ಇದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಅಂಕಿಗಳ ಸುತ್ತ ಉಜ್ಜಿದ ಗುರುತು ಕಂಡರೆ, ಒಂದು ಅಂಕಿ ಆಳ ಮತ್ತೊಂದು ತೆಳು ಎನಿಸಿದರೆ, ಪರೀಕ್ಷಕ ಅಲ್ಲೇ ನಿಲ್ಲಬೇಕು. ಬಾಡಿಗೂ ಗೇರ್‌ಬಾಕ್ಸಿಗೂ ಬೇರೆ ಬೇರೆ ಸಂಖ್ಯೆಗಳಿವೆ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕಾರ್ಖಾನೆಯ ಹಳೆಯ ದಾಖಲೆ ನೋಡಿ ಕೊಡುವ ಪ್ರಮಾಣಪತ್ರದಲ್ಲಿ ಈ ಸಂಖ್ಯೆಗಳ ಜೊತೆಗೆ ತಯಾರಾದ ದಿನ, ಬಣ್ಣ, ಒಳಚರ್ಮದ ಬಣ್ಣ, ಕಾರು ಮೊದಲು ಹೋದ ಊರು ಸಹ ಇರುತ್ತವೆ. ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ ಕಾರುಗಳಿಗೆ ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಇಂಥದ್ದೇ ಪತ್ರ ಸಿಗುತ್ತದೆ. ಇ-ಟೈಪ್‌ಗಳ ಬಹುಪಾಲು ಅಮೆರಿಕಕ್ಕೆ ಹೋಯಿತು; ಅವುಗಳಲ್ಲಿ ಕೆಲವು ಎಷ್ಟೋ ವರ್ಷದ ಮೇಲೆ ಬ್ರಿಟನ್ನಿಗೆ ಮರಳಿ ಬಲಗೈ ಸ್ಟೀರಿಂಗ್ ಹಾಕಿಸಿಕೊಂಡಿವೆ. ಮಾರಾಟದ ಜಾಹೀರಾತು ಹೇಳದ ಇಂಥ ಸಂಗತಿಯನ್ನು ಈ ಒಂದು ಹಾಳೆ ಹೇಳಿಬಿಡುತ್ತದೆ.

ಪ್ರಮಾಣಪತ್ರಕ್ಕೂ ಮಿತಿ ಇದೆ. ಕಾರು ಹೇಗೆ ಹುಟ್ಟಿತೆಂದು ಅದು ಹೇಳೀತು. ಎದುರಿಗಿರುವುದು ಆ ಕಾರೇ ಎಂದು ಸಾಧಿಸಲಾರದು. ಇ-ಟೈಪ್‌ನ ಚಾಸಿ ಸಂಖ್ಯೆ ಕೊರೆದಿರುವುದೇ ಎಂಜಿನ್ ಹೊತ್ತ ಮುಂದಿನ ಕೊಳವೆ ಚೌಕಟ್ಟಿನ ಮೇಲೆ. ಆ ಕೊಳವೆಗಳು ಒಳಗಿನಿಂದಲೇ ತುಕ್ಕು ಹಿಡಿಯುವಂಥವು. ಬೋಲ್ಟ್ ಬಿಚ್ಚಿ ಹೊಸ ಚೌಕಟ್ಟು ಜೋಡಿಸುವುದು ಸುರಕ್ಷತೆಗೆ ಬೇಕೇ ಬೇಕಾದ ಕೆಲಸ. ಹೊಸ ಚೌಕಟ್ಟಿಗೆ ಹಳೆಯ ಸಂಖ್ಯೆಯನ್ನು ಮತ್ತೆ ಒತ್ತದೆ ಗತಿಯಿಲ್ಲ. ಹಾಗಾಗಿ ಇಡೀ ಕಾರಿನ ಗುರುತನ್ನು ಹೊತ್ತ ಅಂಕಿಯೇ ಎಲ್ಲಕ್ಕಿಂತ ಸುಲಭವಾಗಿ ಬದಲಾಗುವ ಭಾಗದ ಮೇಲೆ ಕೂತಿದೆ. ದುರಸ್ತಿಯ ಬಿಲ್ಲು ಮತ್ತು ಹಳೆಯ ಚೌಕಟ್ಟಿನ ಫೋಟೊ ಇದ್ದರೆ ಮರುಒತ್ತು ಪ್ರಾಮಾಣಿಕ. ಇಲ್ಲದಿದ್ದರೆ ಶಂಕೆಗೆ ಆಸ್ಪದ.

ಮಾರುಕಟ್ಟೆ ಅತಿಯಾಗಿ ಬೆಲೆ ಕೊಡುವುದು ‘ಮ್ಯಾಚಿಂಗ್ ನಂಬರ್ಸ್’ಗೆ, ಅಂದರೆ ಕಾರ್ಖಾನೆಯ ದಾಖಲೆಗೆ ಹೊಂದುವ ಸಂಖ್ಯೆಗಳಿಗೆ, ಅದರಲ್ಲೂ ಮೂಲ ಎಂಜಿನ್ನಿಗೆ. ಇಲ್ಲಿ ಮಾರುಕಟ್ಟೆಯ ತಕ್ಕಡಿ ಸರಿಯಿಲ್ಲ. ಎಂಜಿನ್ ಸವೆದರೆ ಬದಲಾಯಿಸಬೇಕಾದ ವಸ್ತು ಎಂದೇ ತಯಾರಕರು ಎಣಿಸಿದ್ದರು. 1960ರ ದಶಕದಲ್ಲಿ ಎಂಜಿ ಕಾರುಗಳನ್ನು ಮಾಡುತ್ತಿದ್ದ ಬಿಎಂಸಿ ಸಂಸ್ಥೆ ‘ಗೋಲ್ಡ್ ಸೀಲ್’ ಹೆಸರಿನಲ್ಲಿ ಕಾರ್ಖಾನೆಯಲ್ಲೇ ಹದಗೊಳಿಸಿದ ಎಂಜಿನ್‌ಗಳನ್ನು ಹಳೆಯದಕ್ಕೆ ಬದಲಿಯಾಗಿ ಕೊಡುತ್ತಿತ್ತು. ಕಾರನ್ನು ಚೆನ್ನಾಗಿ ಸಾಕಿ, ಕಾರ್ಖಾನೆಯ ಮಾತು ಕೇಳಿ ಎಂಜಿನ್ ಬದಲಿಸಿದ ಅಂದಿನ ಮಾಲೀಕನ ಎಂಜಿಬಿ ಇಂದು ಕಡಿಮೆ ಬೆಲೆಗೆ ಹೋಗುವುದು, ಶೆಡ್ಡಿನ ಮೂಲೆಯಲ್ಲಿ ಎಂಜಿನ್ ಕೆಟ್ಟು ಕೂತ ಕಾರು ‘ಮ್ಯಾಚಿಂಗ್’ ಎಂದು ಮೆರೆಯುವುದು ನ್ಯಾಯವಲ್ಲ. ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ಬಹುಕಾಲ ಬಳಸಿದ ಅಂಕ ಪದ್ಧತಿ ಇದಕ್ಕಿಂತ ವಿವೇಕದ್ದು. ಬದಲಾವಣೆಗೊಂಡ ಕಾರು ತನ್ನ ಹಳೆಯ ನೋಂದಣಿ ಸಂಖ್ಯೆ ಉಳಿಸಿಕೊಳ್ಳಲು 8 ಅಂಕ ಬೇಕಿತ್ತು. ಚಾಸಿ ಅಥವಾ ಒಡಲಿಗೆ 5. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್ ಮುಂತಾದ ಪ್ರಸರಣ ಭಾಗ, ಸ್ಟೀರಿಂಗ್ ಇವಕ್ಕೆ ತಲಾ 2. ಎಂಜಿನ್ನಿಗೆ ಬರೀ 1.

ಒಡಲಿಗೆ ಇಷ್ಟು ತೂಕ ಏಕೆಂಬುದು ಕಾರಿನ ಅಡಿಗೆ ತಲೆ ಹಾಕಿದವರಿಗೆ ತಿಳಿದಿರುತ್ತದೆ. ಇ-ಟೈಪ್‌ನಂಥ ಕಾರಿನ ನಡುಭಾಗ ಉಕ್ಕಿನ ತಗಡುಗಳನ್ನೇ ಬೆಸೆದು ಮಾಡಿದ ಒಂದೇ ಪೆಟ್ಟಿಗೆ. ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಗೋಡೆ ಕೊಳೆತರೆ ಕಾರಿಗೆ ಬೆನ್ನೆಲುಬೇ ಇಲ್ಲ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಕೆಳಗೆ ಸವರುತ್ತ ಹೋದರೆ, ಅದು ಹಿಡಿತ ಬಿಟ್ಟ ಜಾಗದಲ್ಲಿ ಪೇಂಟಿನಡಿ ತಗಡಿಗಿಂತ ಪುಟ್ಟಿಯೇ ದಪ್ಪ ಎಂದರ್ಥ. ಕಾರ್ಖಾನೆಯ ತಗಡುಗಳ ಅಂಚಿನಲ್ಲಿ ಸಣ್ಣ ಬಟ್ಟಲಿನಂಥ ಬೆಸುಗೆ ಚುಕ್ಕಿಗಳು ಒಂದೇ ಅಂತರದಲ್ಲಿ ಸಾಲಾಗಿರುತ್ತವೆ; ಹೊರಗಿನ ಗ್ಯಾರೇಜಿನ ಬೆಸುಗೆ ಸಾಮಾನ್ಯವಾಗಿ ಉಬ್ಬು ಗೆರೆಯಾಗಿ ಎದ್ದು ಕಾಣುತ್ತದೆ. ಅಲ್ಯೂಮಿನಿಯಂ ಬಾಡಿಗೆ ಅಯಸ್ಕಾಂತ ಅಂಟುವುದೇ ಇಲ್ಲ. ಜಾಗ್ವಾರ್ ಎಕ್ಸ್‌ಕೆ 120ರ ಮೊದಲ ಸುಮಾರು 240 ಕಾರುಗಳಿಗೆ ಮಾತ್ರ ಅಂಥ ಬಾಡಿ ಇತ್ತು, ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಹಾಗಾಗಿ ಅಲ್ಲಿ ಅಯಸ್ಕಾಂತಕ್ಕಿಂತ ಚಾಸಿ ಸಂಖ್ಯೆ ಮುಖ್ಯ.

ಎಲ್ಲ ಕಾರಿಗೂ ಒಂದೇ ಅಳತೆಗೋಲು ಸಲ್ಲದು. ಲೋಟಸ್ ಇಲಾನ್‌ನ ಬಾಡಿ ಫೈಬರ್‌ಗ್ಲಾಸ್, ಒಳಗಿನ ಬೆನ್ನುಮೂಳೆ ಉಕ್ಕು. ಆ ಉಕ್ಕು ಕೊಳೆಯುತ್ತದೆಂದು ತಿಳಿದು ಲೋಟಸ್ ಸಂಸ್ಥೆಯೇ ಬದಲಿ ಚಾಸಿ ಮಾರಿತು. ಇಲಾನ್‌ಗೆ ಹೊಸ ಚಾಸಿ ದೋಷವಲ್ಲ, ಆರೈಕೆಯ ಗುರುತು. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಎಂಜಿಬಿಯದ್ದು ಇನ್ನೊಂದು ಕಥೆ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಹಳೆಯ ಅಚ್ಚುಗಳನ್ನೇ ಬಳಸಿ ಹೊಸ ಎಂಜಿಬಿ ಒಡಲುಗಳನ್ನು ಮಾಡತೊಡಗಿತು. ಹೊಸ ಒಡಲಿಗೆ ಹಳೆಯ ಕಾರಿನ ಎಂಜಿನ್, ಆಸನ, ಗಾಜುಗಳನ್ನು ಸಾಗಿಸಿದರೆ ಓಡಿಸಲು ಸೊಗಸಾದ, ಭದ್ರವಾದ ಕಾರು ಸಿಗುತ್ತದೆ. ಸಾಮಾನ್ಯ ಎಂಜಿಬಿಗೆ ಅದು ಒಳ್ಳೆಯ ದಾರಿ. ಕಾರ್ಖಾನೆಯ ತಂಡ ಓಡಿಸಿದ ಅಪರೂಪದ ಕಾರಿಗೆ ಹಾಗೆ ಮಾಡಿದರೆ ಅದರ ದೇಹವನ್ನೇ ಎಸೆದಂತೆ.

ರಿಸ್ಟೋರೇಷನ್ನಿಗೆ ಕನ್ನಡದಲ್ಲಿ ಜೀರ್ಣೋದ್ಧಾರವೆಂಬ ಒಳ್ಳೆಯ ಮಾತಿದೆ. ಹಳೆಯ ದೇಗುಲದ ಶಿಲ್ಪಕ್ಕೆ ಎಣ್ಣೆಬಣ್ಣ ಬಳಿದಾಗ ಆಗುವ ನಷ್ಟ ಕಂಡವರಿಗೆ ಕಾರಿನ ವಿಷಯ ವಿವರಿಸಬೇಕಾಗಿಲ್ಲ. ಕಾರ್ಖಾನೆ ಎಂದೂ ಕೊಡದಷ್ಟು ಹೊಳೆಯುವ ಪೇಂಟ್, ಒಂದು ಗೀರೂ ಇಲ್ಲದ ಹೊಸ ಚರ್ಮ, ಕನ್ನಡಿಯಾದ ಕ್ರೋಮ್: ಇವು ಪ್ರದರ್ಶನದಲ್ಲಿ ಬಹುಮಾನ ತರುತ್ತವೆ, ಅರವತ್ತು ವರ್ಷದ ಬಾಳಿನ ಗುರುತುಗಳನ್ನು ಅಳಿಸಿಹಾಕುತ್ತವೆ. ಕೊಳೆತದ್ದನ್ನು ಕತ್ತರಿಸಲೇಬೇಕು, ಬಿರುಕು ಬಿಟ್ಟರೂ ಗಟ್ಟಿಯಾಗಿರುವ ಚರ್ಮವನ್ನು ಕಿತ್ತೆಸೆಯುವ ಅಗತ್ಯವಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಹೇಳುವುದೂ ಇದೇ: ಉಳಿಸುವುದು ಮೊದಲು, ಬದಲಿಸುವುದು ಕೊನೆಗೆ, ಬದಲಿಸಿದ್ದಕ್ಕೆ ದಾಖಲೆ ಕಡ್ಡಾಯ. ನಿಧಾನವಾಗಿಯಾದರೂ ಕೊಳ್ಳುವವರೂ ಇದನ್ನು ಒಪ್ಪುತ್ತಿದ್ದಾರೆ. 1955ರ ಲ ಮಾನ್ ದುರಂತದಲ್ಲಿ ಎಂಬತ್ತಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾದ ಡಿಕ್ಕಿಯಲ್ಲಿ ಸಿಕ್ಕಿದ ಆಸ್ಟಿನ್-ಹೀಲಿ 2011ರಲ್ಲಿ ಜೀರ್ಣೋದ್ಧಾರವಾಗದ ಸ್ಥಿತಿಯಲ್ಲೇ ಹರಾಜಿಗೆ ಬಂದು 8,43,000 ಪೌಂಡಿಗೆ ಹೋಯಿತು. ಅಷ್ಟು ಹಣ ಕೊಟ್ಟವರು ಕೊಂಡದ್ದು ಆ ಕಾರು ಕಂಡ ದಿನವನ್ನು.

ಕಾರ್ಖಾನೆಯೇ ಹಳೆಯ ಕಾರನ್ನು ಮತ್ತೆ ಮಾಡಿದರೆ? 1957ರ ಫೆಬ್ರವರಿ 12ರಂದು ಕವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಒಂಬತ್ತು ಜಾಗ್ವಾರ್ ಎಕ್ಸ್‌ಕೆಎಸ್‌ಎಸ್ ಕಾರುಗಳು ಸುಟ್ಟವು. ಉಳಿದು ಮಾರಾಟವಾದದ್ದು 16. ಆ ಒಂಬತ್ತರ ಜಾಗ ತುಂಬಲು ಜಾಗ್ವಾರ್ 2016ರಲ್ಲಿ ಒಂಬತ್ತು ಹೊಸ ಕಾರುಗಳನ್ನು ಘೋಷಿಸಿತು, ತಲಾ ಹತ್ತು ಲಕ್ಷ ಪೌಂಡಿಗೂ ಮೇಲೆ. ರೂಪವೂ ಕೈಕೆಲಸವೂ ನಿಷ್ಠೆಯಿಂದ ಕೂಡಿವೆ. ಆದರೂ ಅವು 1957ರ ಕಾರುಗಳಲ್ಲ. ಅವುಗಳಿಗೆ ಬಾಳಿದ ಚರಿತ್ರೆ ಇಲ್ಲ. ಅವನ್ನು ಒಳ್ಳೆಯ ಹೊಸ ಕಾರುಗಳೆಂದು ಮೆಚ್ಚುವುದೇ ಅವಕ್ಕೆ ಕೊಡುವ ಮರ್ಯಾದೆ. ಅಪಾಯವಿರುವುದು ಬೇರೆ ಕಡೆ: ಪಂದ್ಯದಲ್ಲಿ ಜಜ್ಜಿಹೋದ ಕಾರಿನ ಚೌಕಟ್ಟು ಒಬ್ಬರಿಗೆ, ಒಡಲು ಇನ್ನೊಬ್ಬರಿಗೆ ಸಿಕ್ಕಿ, ಎರಡರಿಂದಲೂ ಒಂದೊಂದು ಕಾರು ಎದ್ದು ಒಂದೇ ಸಂಖ್ಯೆಯನ್ನು ಹೊತ್ತಾಗ. ಓಲ್ಡ್ ನಂಬರ್ ಒನ್ ತೀರ್ಪಿನ ಬಲ ಅಲ್ಲಿ ಕಾಣುತ್ತದೆ. ಹಕ್ಕು ಹೇಳುವ ಎರಡನೆಯ ಕಾರು ಇದ್ದಿದ್ದರೆ ಆ ವಾದ ಅಷ್ಟು ಸಲೀಸಾಗಿ ನಿಲ್ಲುತ್ತಿರಲಿಲ್ಲ.

ಭಾರತದಲ್ಲಿ ಇಂಥ ಕಾರುಗಳನ್ನು ಇಟ್ಟುಕೊಂಡವರಿಗೂ ಈ ವಿಚಾರ ಕಾನೂನಿನ ಮೂಲಕ ತಟ್ಟಿದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ಎನಿಸಿ, ‘ವಿಎ’ ಅಕ್ಷರಗಳಿರುವ ನೋಂದಣಿ ಸಂಖ್ಯೆ ಪಡೆಯಬಹುದು. ಷರತ್ತು: ಚಾಸಿ, ಒಡಲು, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಮೇಲೆ ಹೇಳಿದ ಮೂರು ಗುಣಗಳನ್ನು ಬೇರೆ ಮಾಡಿ ನೋಡದಿದ್ದರೆ ಈ ‘ಗಣನೀಯ’ ಎಂಬ ಮಾತು ಅಧಿಕಾರಿಗೂ ಮಾಲೀಕನಿಗೂ ತೊಡಕಾಗುತ್ತದೆ. ಅದೇ ಬಗೆಯ ಎಂಜಿನ್ನನ್ನು ಅದೇ ಬಗೆಯದಕ್ಕೆ ಬದಲಿಸುವುದು ದುರಸ್ತಿ. ಬೇರೆ ಬಗೆಯದನ್ನು ತುರುಕುವುದು ಮಾರ್ಪಾಡು.

ಕಡಿಯದ ಚರಿತ್ರೆಗೆ ಮೊದಲ ಬೆಲೆ, ಮೂಲ ಒಡಲಿಗೆ ಎರಡನೆಯದು, ಎಂಜಿನ್ ಸಂಖ್ಯೆಗೆ ಅದರ ನಂತರ, ಹೊಳಪಿಗೆ ಎಲ್ಲಕ್ಕಿಂತ ಕಡಿಮೆ: ಬೆಲೆ ಕಟ್ಟುವವರು ಹಿಡಿಯಬೇಕಾದ ಕ್ರಮ ಇದು. ಕಾರು ಬಿಚ್ಚಿಸುವ ಮಾಲೀಕರು ಹೊರಬಂದ ಹಳೆಯ ಚೌಕಟ್ಟನ್ನಾಗಲಿ, ಕಿತ್ತ ತಗಡಿನ ತುಂಡನ್ನಾಗಲಿ, ಹಳೆಯ ಬ್ಲಾಕನ್ನಾಗಲಿ ಗುಜರಿಗೆ ಹಾಕಬಾರದು. ತಾರೀಖು ಬರೆದ ಚೀಟಿ ಕಟ್ಟಿ, ಬಿಲ್ಲುಗಳ ಜೊತೆ ಇಟ್ಟು, ಕಾರು ಕೈ ಬದಲಾದಾಗ ಅವನ್ನೂ ಕೊಡಬೇಕು.